ಟೆಸ್ಟೋಸ್ಟಿರಾನ್: ಒಂದೇ ವರದಿ ಸಾಲದು

ಮಾನ್ಯರೇ,

ನಲವತ್ತು ದಾಟಿದ ಗಂಡಸರಿಗೆ ಮಾರುವ ‘ಹಾರ್ಮೋನ್ ಪ್ಯಾಕೇಜ್’ ರಕ್ತಪರೀಕ್ಷೆ ಎಡವುವುದು ರಕ್ತ ತೆಗೆಯುವ ಹೊತ್ತಿನಲ್ಲೇ. ಇಡ್ಲಿ, ಕಾಫಿ ಮುಗಿಸಿ ಹೋದರೂ ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್ ಇಳಿಯುತ್ತದೆ. ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ದಿನ ಪರೀಕ್ಷಿಸಬೇಕು, ಜ್ವರವಿದ್ದಾಗ ಬೇಡ.

ಬೊಜ್ಜಿದ್ದರೆ ಹಾರ್ಮೋನನ್ನು ಹೊರುವ ಎಸ್‌ಎಚ್‌ಬಿಜಿ ಪ್ರೋಟೀನ್ ತಗ್ಗಿ ಒಟ್ಟು ಅಂಕಿ ಕಡಿಮೆ ಕಾಣುತ್ತದೆ. ವಯಸ್ಸಾದಂತೆ ಅದೇ ಪ್ರೋಟೀನ್ ಏರಿ ಕೊರತೆಯನ್ನು ಮುಚ್ಚಿಡುತ್ತದೆ! ಹಾಗಾಗಿ ಪ್ರೋಟೀನಿಗೆ ಅಂಟದ ‘ಮುಕ್ತ’ ಟೆಸ್ಟೋಸ್ಟಿರಾನ್ ಲೆಕ್ಕವೂ ಬೇಕು. ಜೊತೆಗೆ, ಟೆಸ್ಟೋಸ್ಟಿರಾನ್ ತಯಾರಿಸುವಂತೆ ವೃಷಣಕ್ಕೆ ಮಿದುಳಿನಿಂದ ಬರುವ ಸಂಕೇತ-ಹಾರ್ಮೋನ್ ಎಲ್‌ಎಚ್ ನೋಡಿ: ವೃಷಣ ಸೋತಿದ್ದರೆ ಅದು ಹೆಚ್ಚು, ಮಿದುಳಿನ ಸಂಕೇತವೇ ಮಂಕಾಗಿದ್ದರೆ ಕಡಿಮೆ, ಇಲ್ಲವೇ ‘ನಾರ್ಮಲ್’.

ಮಗು ಬೇಕೆನ್ನುವವರಿಗೆ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಕೊಡಲೇಬಾರದು. ಹೊರಗಿನ ಹಾರ್ಮೋನ್ ಕಂಡ ಮಿದುಳು ಎಲ್‌ಎಚ್, ವೀರ್ಯಾಣು ತಯಾರಿಗೆ ನೆರವಾಗುವ ಎಫ್‌ಎಸ್‌ಎಚ್ ಎರಡನ್ನೂ ತಗ್ಗಿಸುತ್ತದೆ. ವೀರ್ಯಾಣು ಸೊನ್ನೆಗೂ ಇಳಿಯಬಹುದು.

– ಇಬ್ಬರು ವೈದ್ಯರು, ಮೈಸೂರು