ಎನ್‌ಬಿಎ ಶ್ರೇಷ್ಠರು: ಒಂದಲ್ಲ, ಎರಡು ಪಟ್ಟಿ ಬೇಕು

ಮಾನ್ಯರೇ,

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸಾರ್ವಕಾಲಿಕ ಶ್ರೇಷ್ಠರ ಪಟ್ಟಿ ಕ್ರೀಡಾಪುಟಗಳಲ್ಲಿ ಬಂದಾಗಲೆಲ್ಲ ವಾದ ಎರಡೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಯಾರಿಗೆ ಎಷ್ಟು ಪ್ರಶಸ್ತಿ (ತಂಡದೊಂದಿಗೆ ಗೆದ್ದ ಚಾಂಪಿಯನ್‌ಶಿಪ್), ಯಾರ ಪಾಯಿಂಟ್ ಎಷ್ಟು? ಎರಡನ್ನೂ ಇದ್ದ ಹಾಗೇ ನಂಬಿದರೆ ಲೆಕ್ಕ ತಪ್ಪುತ್ತದೆ.

ಪ್ರಶಸ್ತಿಯ ವಿಷಯ ಬೇಗ ಮುಗಿಯುತ್ತದೆ. ರಾಬರ್ಟ್ ಹೋರಿಗೆ ಏಳು, ಮೈಕೆಲ್ ಜೋರ್ಡಾನ್‌ಗೆ ಆರು. ಹಾಗೆಂದು ಹೋರಿಯೇ ಮೇಲು ಎನ್ನುವವರಿಲ್ಲ. ಬಿಲ್ ರಸೆಲ್ 13 ಋತುಗಳಲ್ಲಿ 11 ಬಾರಿ ಗೆದ್ದದ್ದು ಸಣ್ಣ ಮಾತಲ್ಲ. ಆದರೆ ಅವರು 1956ರಲ್ಲಿ ಕಾಲಿಟ್ಟಾಗ ಲೀಗ್‌ನಲ್ಲಿದ್ದದ್ದು ಎಂಟೇ ತಂಡ. ಈಗ 30 ತಂಡಗಳಿವೆ, ಪ್ರಶಸ್ತಿಗೆ ಪ್ಲೇಆಫ್‌ನ (ಲೀಗ್ ಹಂತದ ನಂತರದ ನಾಕೌಟ್ ಸುತ್ತುಗಳ) ನಾಲ್ಕು ಸರಣಿಗಳಲ್ಲಿ 16 ಪಂದ್ಯ ಗೆಲ್ಲಬೇಕು.

ಪಾಯಿಂಟ್‌ನದ್ದೇ ತೊಡಕು. ವಿಲ್ಟ್ ಚೇಂಬರ್ಲಿನ್ 1961-62ರಲ್ಲಿ ಪಂದ್ಯಕ್ಕೆ ಸರಾಸರಿ 50.4 ಪಾಯಿಂಟ್ ಗಳಿಸಿದರು. ಆಗ ಒಂದು ತಂಡ ಪಂದ್ಯಕ್ಕೆ ಸುಮಾರು 107 ಶಾಟ್ ಹೊಡೆಯುತ್ತಿತ್ತು, ಈಗ 90ರ ಆಸುಪಾಸು. ಮೇಲಾಗಿ ಅವರು ಆಡಿದ್ದು ಪಂದ್ಯಕ್ಕೆ 48.5 ನಿಮಿಷ, ಅಂದರೆ ಹೆಚ್ಚುವರಿ ಅವಧಿಯೂ ಸೇರಿ ಬಹುತೇಕ ಬೆಂಚಿಗೇ ಹೋಗದೆ. ಶಾಟ್‌ಗಳ ಅನುಪಾತಕ್ಕೆ ಇಳಿಸಿದರೆ 42, ಇಂದಿನ ತಾರೆಯರಂತೆ 36 ನಿಮಿಷಕ್ಕೆ ಇಳಿಸಿದರೆ 31 ಚಿಲ್ಲರೆ. ಇದು ಒರಟು ಲೆಕ್ಕವೇ, ಆದರೂ 31 ಇಂದಿಗೂ ಅಗ್ರಪಂಕ್ತಿಯ ಅಂಕಿ. 50 ಮಾತ್ರ ಆ ಕಾಲದ್ದು.

ಎಷ್ಟು ಗಳಿಸಿದರು ಎನ್ನುವುದರ ಜೊತೆಗೆ ಎಷ್ಟು ಶಾಟ್ ಖರ್ಚಾಯಿತು ಎಂದೂ ಕೇಳಬೇಕು. ಒಟ್ಟು ಶಾಟ್‌ಗಳಿಗೆ ಫ್ರೀ ಥ್ರೋಗಳ (ಎದುರಾಳಿಯ ಫೌಲ್‌ಗೆ ಸಿಗುವ, ಯಾರೂ ತಡೆಯದ ಎಸೆತಗಳ) 0.44 ಪಾಲು ಕೂಡಿಸಿ, ಅದನ್ನು ಎರಡರಿಂದ ಗುಣಿಸಿ, ಬಂದ ಮೊತ್ತದಿಂದ ಪಾಯಿಂಟ್‌ಗಳನ್ನು ಭಾಗಿಸಿದರೆ ಆಟಗಾರನ ದಕ್ಷತೆ ಸಿಗುತ್ತದೆ. 26 ಶಾಟ್, 6 ಫ್ರೀ ಥ್ರೋಗಳಲ್ಲಿ 30 ಪಾಯಿಂಟ್ ಎಂದರೆ ಶೇ 52. 17 ಶಾಟ್, 8 ಫ್ರೀ ಥ್ರೋಗಳಲ್ಲಿ 27 ಪಾಯಿಂಟ್ ಎಂದರೆ ಶೇ 66. ಮರುದಿನದ ಸುದ್ದಿಯ ತಲೆಬರಹ ಮೊದಲನೆಯವನಿಗೆ ಸಿಗುತ್ತದೆ, ತಂಡಕ್ಕೆ ಹೆಚ್ಚು ಉಪಯೋಗವಾದದ್ದು ಎರಡನೆಯವನಿಂದ. (0.44 ಏಕೆಂದರೆ, ಬುಟ್ಟಿಗೆ ಬಿದ್ದ ಶಾಟ್‌ನ ಮೇಲೆ ಫೌಲ್ ಆಗಿ ಸಿಗುವ ಒಂಟಿ ಫ್ರೀ ಥ್ರೋ ತಂಡದ ಇನ್ನೊಂದು ಅವಕಾಶವನ್ನು ತಿನ್ನುವುದಿಲ್ಲ.)

ರಕ್ಷಣೆಯ ವಿಷಯದಲ್ಲಿ ದಾಖಲೆಯೇ ಅರ್ಧ. ಬ್ಲಾಕ್ (ಎದುರಾಳಿಯ ಶಾಟ್ ತಡೆಯುವುದು), ಸ್ಟೀಲ್‌ಗಳನ್ನು (ಚೆಂಡು ಕಸಿಯುವುದು) ಎಣಿಸತೊಡಗಿದ್ದು 1973-74ರಿಂದ, ಚೇಂಬರ್ಲಿನ್ ಆಟ ಬಿಟ್ಟ ಮರು ಋತುವಿನಲ್ಲಿ. ಹಾಗಾಗಿ ಹಕೀಮ್ ಒಲಾಜುವಾನ್ ಅವರ 3,830 ಬ್ಲಾಕ್‌ಗಳೇ ದಾಖಲೆ. ರಸೆಲ್ ಹೆಸರಿನ ಮುಂದೆ ಖಾಲಿ ಜಾಗ.

ಜಗಳದ ನಿಜವಾದ ಬೇರು ಬೇರೆಡೆ ಇದೆ. ಉತ್ತುಂಗದ ಆಟವನ್ನೂ ದೀರ್ಘಕಾಲದ ದುಡಿಮೆಯನ್ನೂ ಒಂದೇ ತಕ್ಕಡಿಗೆ ಹಾಕುತ್ತೇವೆ. ಸತತ ಐದು ಅತ್ಯುತ್ತಮ ಋತುಗಳನ್ನಷ್ಟೇ ನೋಡಿದರೆ ನನ್ನ ಪಟ್ಟಿಯಲ್ಲಿ ಜೋರ್ಡಾನ್ ಮೊದಲಿಗರು. ಇಡೀ ವೃತ್ತಿಜೀವನ ತೂಗಿದರೆ 40,000 ಪಾಯಿಂಟ್ ದಾಟಿದ ಲೆಬ್ರಾನ್ ಜೇಮ್ಸ್, ಅವರ ಬೆನ್ನಿಗೇ ಆರು ಎಂವಿಪಿಗಳ (ಋತುವಿನ ಅತ್ಯಮೂಲ್ಯ ಆಟಗಾರ ಗೌರವ) ಕರೀಂ ಅಬ್ದುಲ್ ಜಬ್ಬಾರ್. 2021, 2022, 2024ರ ಎಂವಿಪಿ ನಿಕೊಲಾ ಯೋಕಿಚ್ ಮೊದಲ ಪಟ್ಟಿಯಲ್ಲಿ ಈಗಲೇ ಕೂರಬಲ್ಲರು, ಎರಡನೆಯದಕ್ಕೆ ಇನ್ನೂ ಆಡಬೇಕು.

ಎರಡು ಪಟ್ಟಿಯಲ್ಲೂ ಪ್ಲೇಆಫ್ ಅಂಕಿಗಳನ್ನು ಪ್ರತ್ಯೇಕವಾಗಿ ಮುದ್ರಿಸಬೇಕು. ಏಳು ಪಂದ್ಯ ಒಂದೇ ಎದುರಾಳಿಯೊಂದಿಗೆ ಆಡುವಾಗ ರಕ್ಷಣೆ ಬಾರದವನನ್ನು ಪದೇ ಪದೇ ಪಿಕ್ ಆ್ಯಂಡ್ ರೋಲ್‌ಗೆ (ಸಹ ಆಟಗಾರ ರಕ್ಷಕನಿಗೆ ಅಡ್ಡ ನಿಂತು, ನಂತರ ಬುಟ್ಟಿಯತ್ತ ನುಗ್ಗುವ ತಂತ್ರ) ಎಳೆಯುತ್ತಾರೆ. ಲೀಗ್ ಹಂತದ 82 ಪಂದ್ಯಗಳ ಸರಾಸರಿ ಅದನ್ನು ಮುಚ್ಚಿಡುತ್ತದೆ.