ಇಟಲಿಗೆ ಹೊರಟ ಸಸ್ಯಾಹಾರಿ ಗೆಳೆಯನಿಗೆ

ಪ್ರಿಯ ಗೆಳೆಯಾ,

ನೀನು ಕಳಿಸಿದ ಪ್ರವಾಸದ ಪಟ್ಟಿ ನೋಡಿದೆ. ಒಂದೇ ವಾರದಲ್ಲಿ ರೋಮ್, ಫ್ಲಾರೆನ್ಸ್, ಪಿಸಾ, ವೆನಿಸ್, ಮಿಲಾನ್. ದಿನವೂ ರಾತ್ರಿ ‘ಭಾರತೀಯ ಊಟ’. ಅಷ್ಟು ದೂರ ಹೋಗಿ ದಾಲ್, ಅನ್ನ ತಿಂದು ಬರಲು ವೀಸಾ ಯಾಕಯ್ಯಾ? ಸಸ್ಯಾಹಾರಿಗೆ ಅಲ್ಲಿ ಏನೂ ಸಿಗುವುದಿಲ್ಲ ಎಂದು ಏಜೆಂಟ್ ಹೆದರಿಸಿದ್ದಾನಂತೆ. ಅವನ ಮಾತು ಪೂರ್ತಿ ಸುಳ್ಳಲ್ಲ, ಆದರೆ ನಂಬುವಷ್ಟು ನಿಜವೂ ಅಲ್ಲ. ನನ್ನ ಹಾಗೆ ಒಬ್ಬನೇ ಹೋಗು, ಮೂರೇ ಊರು ಸಾಕು.

ನೇಪಲ್ಸ್‌ನಿಂದ ಶುರು ಮಾಡು. ಕಿರಿದಾದ ಬೀದಿಗಳು, ಸ್ಕೂಟರ್‌ಗಳ ಹಾವಳಿ, ತಲೆಯ ಮೇಲೆ ಒಣಗಲು ಹಾಕಿದ ಬಟ್ಟೆ. ಅಲ್ಲಿ ಮರಿನಾರಾ ಪಿಜ್ಜಾ ಕೇಳು: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ, ಅಷ್ಟೇ. ಚೀಸ್ ಇಲ್ಲ. ನಾನು ಒಲೆಯ ಪಕ್ಕದಲ್ಲೇ ಜಾಗ ಹಿಡಿದು ಕೂತಿದ್ದೆ. ಲಟ್ಟಣಿಗೆ ಮುಟ್ಟುವುದೇ ಇಲ್ಲ. ಹಿಟ್ಟಿನ ಉಂಡೆಯನ್ನು ಬೆರಳ ತುದಿಯಿಂದ ಒತ್ತುತ್ತಾ ಒಳಗಿನ ಗಾಳಿಯನ್ನು ಅಂಚಿಗೆ ತಳ್ಳುತ್ತಾರೆ. ಸೌದೆ ಒಲೆಗೆ ಹೋದದ್ದು ಒಂದೂವರೆ ನಿಮಿಷದೊಳಗೆ ಅಂಚು ಉಬ್ಬಿಸಿಕೊಂಡು, ಅಲ್ಲಲ್ಲಿ ಕಪ್ಪು ಹತ್ತಿಸಿಕೊಂಡು ಹೊರಬರುತ್ತದೆ. ಈ ಕೈಚಳಕವನ್ನು ಯುನೆಸ್ಕೋ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಆದರೆ ಗರಿಗರಿಯಾಗಿರುತ್ತದೆ ಎಂದುಕೊಳ್ಳಬೇಡ, ನಡುಭಾಗ ಒದ್ದೆಯಾಗಿ ಮೆತ್ತಗಿರುತ್ತದೆ. ನನಗೆ ಮೊದಲ ದಿನ ಹಿಡಿಸಲಿಲ್ಲ, ಮರುದಿನ ಅದನ್ನೇ ಹುಡುಕಿಕೊಂಡು ಹೋದೆ.

ಕಾಫಿಯನ್ನು ಕೌಂಟರಿನ ಮುಂದೆ ನಿಂತೇ ಕುಡಿ, ಕೂತರೆ ಎಷ್ಟೋ ಕಡೆ ಬೆಲೆ ಏರುತ್ತದೆ. ಜೊತೆಗೆ ಕೊಡುವ ಲೋಟ ನೀರು ಕಾಫಿಗೆ ಮೊದಲು ಕುಡಿಯುವುದಕ್ಕೆ.

ಎರಡನೆಯ ಊರು ಬೊಲೋನ್ಯಾ. ಅಲ್ಲಿ ಮಳೆ ಬಂದರೂ ಕೊಡೆ ಬೇಕಾಗಲಿಲ್ಲ. ಹಳೆಯ ಊರಿನ ಬೀದಿಗಳ ಉದ್ದಕ್ಕೂ ಕಮಾನುಗಳ ಚಾವಡಿಗಳಿವೆ. ಬೆಟ್ಟದ ಮೇಲಿನ ಸ್ಯಾನ್ ಲೂಕಾ ಚರ್ಚಿಗೆ ಹೋಗುವ ದಾರಿಯೊಂದಕ್ಕೇ 666 ಕಮಾನು! ಆದರೆ ನಿನ್ನ ಕಷ್ಟ ಶುರುವಾಗುವುದೂ ಇಲ್ಲಿಯೇ. ದಕ್ಷಿಣದ ಒಣ ಪಾಸ್ತಾ ರವೆ ಮತ್ತು ನೀರಿನದು. ಇಲ್ಲಿ ಹಿಟ್ಟಿಗೆ ಮೊಟ್ಟೆ ಬೀಳುತ್ತದೆ. (ಈ ಪತ್ರವನ್ನು ನಿನ್ನ ಮನೆಯವರೂ ಓದುವುದರಿಂದ ಮೊಟ್ಟೆಯ ವಿಷಯವನ್ನು ಮುಂದುವರಿಸುವುದಿಲ್ಲ.) ತೊರ್ತೆಲ್ಲಿನಿ ಎಂಬ ಪುಟ್ಟ ಹೂರಣದ ಪಾಸ್ತಾದ ಒಳಗೆ ಹಂದಿಮಾಂಸ. ಹೆಚ್ಚುಕಡಿಮೆ ಅದೇ ಹೆಸರಿನ, ಗಾತ್ರದಲ್ಲಿ ದೊಡ್ಡದಾದ ಅಣ್ಣ ತೊರ್ತೆಲ್ಲೊನಿಯ ಒಳಗೆ ರಿಕೋಟಾ ಚೀಸ್. ಬೆಣ್ಣೆ ಮತ್ತು ಸೇಜ್ ಎಲೆಯೊಡನೆ ಬಡಿಸುತ್ತಾರೆ. ಇನ್ನೊಂದು ಸಂಗತಿಯನ್ನು ಏಜೆಂಟ್ ಹೇಳಿರಲಾರ: ಎಲ್ಲದರ ಮೇಲೂ ತುರಿದು ಸುರಿಯುವ ಪಾರ್ಮಿಜಾನೊ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವದಿಂದ. ನೀನು ಅಷ್ಟು ಕಟ್ಟುನಿಟ್ಟಿನವನಾದರೆ ‘ಸೆನ್ಸಾ ಫೊರ್ಮಾಜ್ಜೊ’, ಚೀಸ್ ಬೇಡ, ಎಂದು ಮೊದಲೇ ಹೇಳಿಬಿಡು.

ಊರಿನವರ ಹಟ ನೋಡು: ತಾಲ್ಯತೆಲ್ಲೆ ಎಂಬ ಪಟ್ಟಿ ಪಾಸ್ತಾ ಬೆಂದ ಮೇಲೆ 8 ಮಿ.ಮೀ. ಅಗಲ ಇರಬೇಕೆಂದು 1972ರಲ್ಲಿ ವಾಣಿಜ್ಯ ಮಂಡಳಿಯಲ್ಲಿ ದಾಖಲಿಸಿಟ್ಟಿದ್ದಾರೆ. ಅವರ ಮಾಂಸದ ಸಾರಿಗೆ ಜೋಡಿ ಅದೇ. ಜಗತ್ತಿಗೆಲ್ಲ ಗೊತ್ತಿರುವ ‘ಸ್ಪಗೆಟ್ಟಿ ಬೊಲೋನೀಸ್’ ಹೆಸರೆತ್ತಿದರೆ ಮುಖ ಗಂಟಿಕ್ಕುತ್ತಾರೆ.

ಕೊನೆಗೆ ಜಿನೋವಾ. ಬಂದರಿನ ಹಿಂದಿನ ಕತ್ತಲೆ ಗಲ್ಲಿಗಳಲ್ಲಿ ಫರಿನಾತಾ ಕೇಳು. ಕಡಲೆಹಿಟ್ಟು, ನೀರು, ಉಪ್ಪು, ಧಾರಾಳ ಆಲಿವ್ ಎಣ್ಣೆ. ಅಗಲವಾದ ತಾಮ್ರದ ತಟ್ಟೆಗೆ ಸುರಿದು ಸೌದೆ ಒಲೆಗೆ ತಳ್ಳುತ್ತಾರೆ. ಮೇಲೆ ಕೆಂಪು, ಒಳಗೆ ಮೆದು, ಕಾಳುಮೆಣಸಿನ ಪುಡಿ ಉದುರಿಸಿ ಕಾಗದದಲ್ಲಿ ಕೊಡುತ್ತಾರೆ. ನಮ್ಮ ಕಡಲೆಹಿಟ್ಟಿನ ದೋಸೆಯ ದೂರದ ನೆಂಟ ಎನ್ನಬಹುದು. ಮೊಟ್ಟೆಯಿಲ್ಲ, ಚೀಸಿಲ್ಲ, ಯಾರನ್ನೂ ಏನೂ ವಿಚಾರಿಸಬೇಕಿಲ್ಲ.

ಒಬ್ಬನೇ ತಿರುಗಿದರೆ ಬೇಜಾರಾಗದೇ ಎಂದು ಕೇಳಿದ್ದೀಯ. ಸಂಜೆಯ ಹೊತ್ತು ಬೇಜಾರಾಗುತ್ತದೆ. ಮಧ್ಯಾಹ್ನದ ಊಟದ ನಂತರ ಅಡುಗೆಮನೆಗಳು ಮುಚ್ಚಿದರೆ ಏಳೂವರೆಯವರೆಗೆ ತೆರೆಯದ ಊರುಗಳವು. ಆ ಹೊತ್ತಿಗೆ ಒಂದು ಪುಸ್ತಕ ಇಟ್ಟುಕೊ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟಿಗೆ ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸುವುದನ್ನು ಮರೆಯಬೇಡ, ಇಲ್ಲವಾದರೆ ದಂಡ. ಏಜೆಂಟಿಗೆ ಮುಂಗಡ ಕೊಟ್ಟಿಲ್ಲ ತಾನೆ? ಕೊಡುವ ಮೊದಲು ಒಂದು ಫೋನ್ ಮಾಡು.

ನಿನ್ನ ಗೆಳೆಯ