ಮಗಳ ಕೈಗೆ ಆ ಪುಸ್ತಕ ಕೊಟ್ಟ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಗ್ರಂಥಾಲಯದಲ್ಲಿ ನನ್ನ ಮಗಳಿಗೆ ಆನ್ ಫ್ರಾಂಕ್‌ಳ ಡೈರಿ ಹುಡುಕಿಕೊಟ್ಟವರು ನೀವು. ತುಂಬಾ ಥ್ಯಾಂಕ್ಸ್.

ಟೀವಿಯಲ್ಲಿ ಯುದ್ಧದ ಸುದ್ದಿ ಬಂದಾಗಲೆಲ್ಲ ಅವಳು "ಅಲ್ಲಿನ ಮಕ್ಕಳು ಏನು ಮಾಡ್ತಾರಮ್ಮ?" ಅನ್ನುತ್ತಿದ್ದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ನೀವು ಪುಸ್ತಕ ಕೊಟ್ಟು ಸುಮ್ನೆ ಹೋಗಲಿಲ್ಲ. "ಇದು ನಿಜವಾಗಿ ನಡೆದದ್ದು, ಜೊತೆಗೆ ಕೂತು ಓದಿ" ಎಂದಿರಿ. ಆ ಮಾತಿನಿಂದ ದೊಡ್ಡ ಉಪಕಾರವಾಯಿತು.

ಆನ್‌ಗೆ 13 ತುಂಬಿದ ದಿನ ಸಿಕ್ಕ ಡೈರಿ ಅದು. 1942ರ ಜುಲೈನಿಂದ 1944ರ ಆಗಸ್ಟ್‌ವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಅಪ್ಪನ ಆಫೀಸಿನ ಹಿಂಬದಿಯಲ್ಲಿ, ಯಹೂದಿಗಳನ್ನು ಹಿಡಿದೊಯ್ಯುತ್ತಿದ್ದ ಹಿಟ್ಲರನ ನಾಜಿಗಳಿಗೆ ಸಿಗದಂತೆ ಈ ಯಹೂದಿ ಹುಡುಗಿ, ಅವಳ ಮನೆಯವರು ಮತ್ತು ಇತರರು ಅಡಗಿದ್ದರು. ಒಟ್ಟು 8 ಜನ. ಹಗಲಲ್ಲಿ ಸದ್ದು ಮಾಡುವಂತಿಲ್ಲ. ಆದರೆ ನನ್ನ ಮಗಳಿಗೆ ಜಾಸ್ತಿ ಹತ್ತಿರವಾದದ್ದು ಆನ್‌ಗೆ ಅಮ್ಮನ ಮೇಲಿದ್ದ ಸಿಟ್ಟು, ಜೊತೆಗೆ ಅಡಗಿದ್ದ ಹುಡುಗ ಪೀಟರ್ ಮೇಲಿನ ಒಲವು, ಬರಹಗಾರ್ತಿ ಆಗಬೇಕೆಂಬ ಹಟ. ಯುದ್ಧವಿದ್ದರೂ ವಯಸ್ಸು ನಿಲ್ಲುವುದಿಲ್ಲ, ಅಲ್ವಾ?

ಕೊನೆಗೆ ಅವರೆಲ್ಲ ಸಿಕ್ಕಿಬಿದ್ದರು; 1945ರಲ್ಲಿ ಆನ್ ನಾಜಿಗಳ ಬರ್ಗನ್-ಬೆಲ್ಸನ್ ಸೆರೆ ಶಿಬಿರದಲ್ಲಿ ತೀರಿಕೊಂಡಳು. ಎಂಟು ಜನರಲ್ಲಿ ಬದುಕಿ ಬಂದವರು ಅಪ್ಪ ಒಬ್ಬರೇ. ಅದನ್ನು ಓದಿದ ರಾತ್ರಿ ಇಬ್ಬರೂ ಅತ್ತೆವು. ಜೊತೆಗಿದ್ದದ್ದು ಒಳ್ಳೆಯದಾಯಿತು.

ಈಗ ಅವಳು ಪದೇಪದೇ ಕೇಳುವುದು ಮೀಪ್ ಗೀಸ್ ಬಗ್ಗೆ. ಅಡಗಿದ್ದವರಿಗೆ ಊಟದ ಸಾಮಾನು ತಂದುಕೊಡುತ್ತಿದ್ದವರು, ಡೈರಿಯ ಹಾಳೆಗಳನ್ನು ಓದದೆ ಜೋಪಾನ ಮಾಡಿ ಅಪ್ಪನಿಗೆ ಒಪ್ಪಿಸಿದವರು. 1947ರಲ್ಲಿ ಅದು ಅಚ್ಚಾದದ್ದಕ್ಕೆ ಅವರೂ ಕಾರಣ.

ಮುಂದೆ ಏನು ಓದಲಿ ಅಂತ ಮಗಳು ಕಾಯುತ್ತಿದ್ದಾಳೆ. ಮತ್ತೆ ಸಿಕ್ಕರೆ ದಯವಿಟ್ಟು ನೀವೇ ಹೇಳಿ, ಅಕ್ಕಾ.